ಸೋಮವಾರದ ಷರತ್ತು, ಗುರುವಾರದ ಷರತ್ತು

ಸಾತ್ವಿಕಾಳಿಗೆ ಒಂದು ಸಣ್ಣ ಚಿಂತೆಯಿತ್ತು. ಯಾರಲ್ಲಾದರೂ ಹೇಳಿಕೊಂಡರೆ ನಕ್ಕುಬಿಡುವಷ್ಟು ಸಣ್ಣದು. ಪುಂಜಾಲಕಟ್ಟೆಯ ಸೇಸಮ್ಮ ಕೊಟ್ಟುಹೋದ ಹಲಸಿನ ಹಪ್ಪಳವನ್ನು ತಾನು ತಿನ್ನಬಹುದೋ ಬಾರದೋ ಎಂಬುದು.

ಹಪ್ಪಳ ಒಂದು ಕಟ್ಟು. ಬಾಳೆನಾರಿನಿಂದ ಬಿಗಿದು, ಜವಳಿ ಅಂಗಡಿಯ ಚೀಲದಲ್ಲಿ ಸುತ್ತಿದ್ದು. ಮೂರು ವಾರಗಳಿಂದ ಅದು ಆಫೀಸಿನ ಕಬ್ಬಿಣದ ಕಪಾಟಿನಲ್ಲಿ, ಸ್ಟಾಂಪ್ ಪೇಪರುಗಳ ಪಕ್ಕದಲ್ಲಿ, ಮರ್ಯಾದೆಯಿಂದ ಕೂತಿತ್ತು. ಕಪಾಟು ತೆರೆದಾಗಲೆಲ್ಲ ಅವಳು ಮೊದಲು ಹಪ್ಪಳದ ಕಡೆ ನೋಡುತ್ತಿದ್ದಳು, ಆಮೇಲೆ ಬೇಕಾದ ಫೈಲು ಹುಡುಕುತ್ತಿದ್ದಳು.

"ಹಪ್ಪಳ ಇನ್ನೂ ಕರಿದಿಲ್ಲ," ಎಂದು ಡೈರಿಯಲ್ಲಿ ಬರೆದಳು. "ತಿಂದರೆ ತಪ್ಪಾಗುತ್ತದೆ ಅನಿಸುತ್ತದೆ. ಬೂಸಲು ಬರಿಸಿದರೂ ತಪ್ಪೇ. ಸೇಸಕ್ಕ ಇದನ್ನು ಯಾಕಾದರೂ ಕೊಟ್ಟರೋ."

ಯಾಕೆ ಕೊಟ್ಟರೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಡೈರಿಯ ಮುಂದೆಯೂ ನಾಚಿಕೆಯಾಗುವಂಥ ಸಂಗತಿಗಳು ಇರುತ್ತವಲ್ಲ. ಆ ಡೈರಿಯಾದರೂ ಯಾವುದೋ ಸೊಸೈಟಿಯವರು ಹಂಚಿದ ಹಳೆಯ ವರ್ಷದ್ದು. ತಾರೀಕು ಸರಿಯಾದರೆ ವಾರ ತಪ್ಪುತ್ತಿತ್ತು, ವಾರ ಸರಿಯಾದರೆ ತಾರೀಕು. ಹಾಗಾಗಿ ಅದರಲ್ಲಿ ಬರೆದದ್ದು ಯಾವ ದಿನ ನಡೆದದ್ದೂ ಅಲ್ಲ ಎಂಬ ಒಂದು ಧೈರ್ಯ ಅವಳಿಗೆ.

ಆಫೀಸು ಎಂದರೆ ಮೂಡುಬಿದಿರೆಯಲ್ಲಿ ಶಂಭು ಮಾವನ ಮೀನೂಟದ ಹೋಟೆಲಿನ ಮಾಳಿಗೆ. ಶಂಭು ಅವಳ ತಾಯಿ ಕಾಂತಿಯ ತಮ್ಮ. ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ಕೆಫೆಟೇರಿಯಾ ನಡೆಸಿ ಬಂದವರು. ಒಂದು ಮಧ್ಯಾಹ್ನ ಬಂಗುಡೆ ಊಟ ಮುಗಿಸಿ ಕೈತೊಳೆಯುತ್ತಿದ್ದ ಟವರ್ ಕಂಪೆನಿಯ ನೌಕರನೊಬ್ಬ, ಜಾಗದವರಿಗೆ ತಿಂಗಳು ತಿಂಗಳು ಬಾಡಿಗೆ ಹೋಗುವ ಲೆಕ್ಕವನ್ನು ಬಾಯಿಬಿಟ್ಟಿದ್ದೇ ನೆಪ, ಮಾವನಿಗೆ ಮೀನಿನ ಮೇಲಿದ್ದ ಪ್ರೀತಿ ಅರ್ಧಕ್ಕರ್ಧ ಇಳಿದುಹೋಯಿತು.

"ಅಡಿಕೆಗೆ ಕೊಳೆರೋಗ ಬರ್ತದೆ," ಎಂದು ಅವರು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. "ರಬ್ಬರಿಗೆ ರೇಟ್ ಇಲ್ಲ. ಗದ್ದೆಗೆ ನವಿಲು, ತೆಂಗಿಗೆ ಮಂಗ. ಟವರನ್ನು ಯಾವ ಮಂಗ ತಿನ್ತದೆ ಮಾರಾಯ್ರೆ? ಮದ್ದು ಬಿಡ್ಲಿಕ್ಕಿಲ್ಲ, ನೀರು ಹಾಯಿಸ್ಲಿಕ್ಕಿಲ್ಲ. ನಿಂತಲ್ಲೇ ನಿಂತು ಫಲ ಕೊಡ್ತದೆ."

ವ್ಯಾಪಾರ ಸರಳವಾಗಿತ್ತು. ಟವರ್ ನಿಂತ ಜಾಗದ ಮಾಲೀಕನಿಗೆ ಮಾವ ಒಂದು ಇಡಿಗಂಟು ಕೊಡುವುದು. ಉಳಿದ ವರ್ಷಗಳ ಬಾಡಿಗೆಯ ಹಕ್ಕನ್ನು ಬರೆಸಿಕೊಳ್ಳುವುದು. ಅದೇ ಹಕ್ಕನ್ನು ಹಣ ಹೂಡುವ ಮನಸ್ಸಿದ್ದ ಮತ್ತೊಬ್ಬರಿಗೆ ದೊಡ್ಡ ಇಡಿಗಂಟಿಗೆ ದಾಟಿಸುವುದು. ನಡುವೆ ಉಳಿದದ್ದಕ್ಕೆ 'ಸರ್ವಿಸ್' ಎಂದು ಹೆಸರು. ಬೆಳ್ತಂಗಡಿ ಕಡೆಯ ಎರಡು, ಬಂಟ್ವಾಳ ಕಡೆಯ ಎರಡು, ಒಟ್ಟು ನಾಲ್ಕು ಟವರುಗಳು ಹೀಗೆ ಮಾವನ ಕೈದಾಟಿ ಹೋಗಿದ್ದವು. ಅಷ್ಟಾದರೂ ಈ ಮಾಳಿಗೆಯಲ್ಲಿ ಮೊಬೈಲಿಗೆ ರೇಂಜ್ ಸಿಗುತ್ತಿರಲಿಲ್ಲ. ಕರೆ ಬಂದರೆ ಮಾವ ಓಡಿಹೋಗಿ ಏಣಿಮೆಟ್ಟಿಲಿನ ಮೂರನೆಯ ಮೆಟ್ಟಿಲ ಮೇಲೆ ನಿಲ್ಲಬೇಕು. ಎರಡನೆಯದರಲ್ಲಿ ಇಲ್ಲ, ನಾಲ್ಕನೆಯದರಲ್ಲಿಯೂ ಇಲ್ಲ.

ಈ ವ್ಯಾಪಾರದಲ್ಲಿ ಸಾತ್ವಿಕಾಳ ಕೆಲಸ ಓದುವುದು. ಟವರ್ ಕಂಪೆನಿಯ ಕರಾರು ಹದಿನೆಂಟು ಪುಟ, ಸಣ್ಣ ಅಕ್ಷರ, ಇಂಗ್ಲಿಷು. ಅದನ್ನು ಬಂದವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಉಜಿರೆಯಲ್ಲಿ ಬಿ.ಕಾಂ. ಮಾಡಿದ ಮೂರು ವರ್ಷದಲ್ಲಿ ಅವಳ ಸ್ವರ ಎರಡನೆಯ ಬೆಂಚನ್ನು ದಾಟಿದ್ದಿಲ್ಲ. ಸೆಮಿನಾರಿನ ಅಂಕಪಟ್ಟಿಯಲ್ಲಿ ಮೇಷ್ಟ್ರು 'ವಿಷಯ ಉತ್ತಮ, ಧ್ವನಿ ಇಲ್ಲ' ಎಂದು ಬರೆದಿದ್ದರು. ಕಾಲೇಜಿಗೆ ಬೇಡವಾದ ಆ ಸ್ವರವೇ ಮಾವನಿಗೆ ಬಂಡವಾಳವಾಯಿತು. ಅವಳು ಓದಲು ಶುರುಮಾಡಿದರೆ ಎದುರಿಗಿದ್ದವರು ಕೇಳಿಸದೆ ಮುಂದಕ್ಕೆ ಬಾಗುತ್ತಿದ್ದರು. ಬಾಗಿದವರು ನಂಬುತ್ತಿದ್ದರು. ಮೆಲ್ಲ ಮಾತಾಡುವ ಹುಡುಗಿ ಸುಳ್ಳು ಹೇಳುತ್ತಾಳೆಂದು ಯಾರಿಗೆ ಅನಿಸೀತು?

ನಿಜಕ್ಕೂ ಅವಳು ಸುಳ್ಳು ಹೇಳುತ್ತಿರಲಿಲ್ಲ. ಮಾವನದ್ದು ಕಟ್ಟುನಿಟ್ಟು. "ಸುಳ್ಳು ನಮಗೆ ಬೇಡ ಸಾತ್ವಿ. ಕಾಗದದಲ್ಲಿ ಇದ್ದದ್ದೇ ಓದು. ಆದ್ರೆ ಎಲ್ಲ ಓದಿದ್ರೆ ಜನಕ್ಕೆ ತಲೆ ತಿರುಗ್ತದೆ. ಅವರವರಿಗೆ ಬೇಕಾದ್ದು ಓದು, ಸಾಕು."

ಅವರವರಿಗೆ ಬೇಕಾದ್ದು ಯಾವುದು ಎಂದು ಮಾವನೇ ಗುರುತು ಹಾಕಿಟ್ಟಿದ್ದರು. ಮೂರನೆಯ ಷರತ್ತು: ಕರಾರಿನ ಅವಧಿ ಇಪ್ಪತ್ತು ವರ್ಷ, ಮೂರು ವರ್ಷಕ್ಕೊಮ್ಮೆ ಬಾಡಿಗೆ ಏರತಕ್ಕದ್ದು, ಜಾಗದವರು ನಡುವೆ ಬಿಡಿಸುವ ಹಾಗಿಲ್ಲ. ಹದಿನಾಲ್ಕನೆಯ ಷರತ್ತು: ಕಂಪೆನಿಯು ಮಾತ್ರ ಯಾವಾಗ ಬೇಕಾದರೂ, ಕಾರಣ ಹೇಳದೆ, ಮೂರು ತಿಂಗಳ ನೋಟಿಸು ಕೊಟ್ಟು ಟವರ್ ಬಿಚ್ಚಿಕೊಂಡು ಹೋಗಬಹುದು.

ಸೋಮವಾರ ಹಕ್ಕು ಕೊಡುವವರು ಬರುತ್ತಿದ್ದರು. ಅವರಿಗೆ ಹದಿನಾಲ್ಕು. ನಾಳೆ ಟವರೇ ಇಲ್ಲದಿದ್ದರೆ ಎಂಬ ಹೆದರಿಕೆಯಲ್ಲಿ ಅವರು ಸಿಕ್ಕಿದ ಗಂಟಿಗೆ ಒಪ್ಪುತ್ತಿದ್ದರು. ಗುರುವಾರ ಹಣ ಹೂಡುವವರು. ಅವರಿಗೆ ಮೂರು. ಇಪ್ಪತ್ತು ವರ್ಷ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವರ ಮುಖ ಅರಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದಿಲ್ಲ. ರೇಟನ್ನು ಯಾರಲ್ಲಿಯೂ ಹೇಳಬೇಡಿ, ದೃಷ್ಟಿ ತಾಗುತ್ತದೆ ಎಂದು ಮಾವ ಇಬ್ಬರಿಗೂ ಹೇಳಿಕಳಿಸುತ್ತಿದ್ದರು. ಹನ್ನೊಂದು ತಿಂಗಳಿನಲ್ಲಿ ಸಾತ್ವಿಕಾ ಒಂದೇ ಒಂದು ಸುಳ್ಳು ಓದಿರಲಿಲ್ಲ. ಅವಳ ಸಂಬಳ ಹನ್ನೊಂದು ಸಾವಿರ.

ಸೇಸಮ್ಮ ಬಂದದ್ದು ಒಂದು ಸೋಮವಾರ. ಮಾರಲಿಕ್ಕಂತೂ ಅಲ್ಲವೇ ಅಲ್ಲ. ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ, ಮೂಡುಬಿದಿರೆಯ ಮೀನೂಟದ ಹೋಟೆಲಿನ ಮಾಳಿಗೆಯಲ್ಲಿ ಒಬ್ಬಳು ಹುಡುಗಿ ಟವರಿನ ಕಾಗದ ಓದಿ ಹೇಳುತ್ತಾಳೆ, ದುಡ್ಡು ಕೇಳುವುದಿಲ್ಲ ಎಂದು. ಅರುವತ್ತೈದರ ಹೆಂಗಸು, ಒಣಕಲು ಮೈ, ಕಂಕುಳಲ್ಲಿ ಕೊಡೆ. ಏಣಿ ಹತ್ತಿ ಬಂದು ಮೊದಲು ಫ್ಯಾನಿನ ಅಡಿ ಕೂತು, ಆಮೇಲೆ ಚೀಲದಿಂದ ಕಾಗದ ತೆಗೆದರು. ತುಳುವಿನಲ್ಲೇ ಮಾತು.

"ಎಂಟು ವರ್ಷ ಆಯ್ತು ಮಗಾ, ಇದು ನನ್ನ ಸೀರೆ ಪೆಟ್ಟಿಗೆಯಲ್ಲಿ ಉಂಟು. ಹೆಬ್ಬೆಟ್ಟಲ್ಲ, ಸೈನೇ ಹಾಕಿದ್ದೇನೆ. ಎಂತಕ್ಕೆ ಹಾಕಿದ್ದು ಅಂತ ಮಾತ್ರ ಈವರೆಗೆ ಗೊತ್ತಿಲ್ಲ."

"ನಿಮ್ಮ ಮನೆಯಲ್ಲಿ ಯಾರೂ ಓದಿ ಹೇಳ್ಲಿಲ್ವಾ?" ಎಂದು ಸಾತ್ವಿಕಾ ಕೇಳಿದಳು.

"ಮಗ ಧನರಾಜನಿಗೆ ಪುರುಸೊತ್ತಿಲ್ಲ. ತೋಟ ಎಲ್ಲ ಅವನ ಕೈಯಲ್ಲೇ. ನನ್ನ ಹೆಸರಿಗೆ ಅಂತ ಇರುವುದು ದನದ ಹಟ್ಟಿ ಇದ್ದ ಐದು ಸೆಂಟ್ಸ್ ಜಾಗ ಮಾತ್ರ. ದನ ಮಾರಿದ ವರ್ಷವೇ ಟವರಿನವರು ಬಂದ್ರು. ದೇವರು ಒಂದು ದನ ತಕೊಂಡು ಇನ್ನೊಂದು ಕೊಟ್ಟ ಹಾಗೆ." ಸೇಸಮ್ಮ ತಾವೇ ನಕ್ಕರು. "ಇದಕ್ಕೆ ಹುಲ್ಲು ಬೇಡ, ಹಿಂಡಿ ಬೇಡ. ತಿಂಗಳಿಗೆ ಹನ್ನೊಂದೂವರೆ ಸಾವಿರ. ಏಳನೇ ತಾರೀಕಿಗೆ ಮೆಸೇಜು ಬರ್ತದೆ. ಅದು ಬಂದ ಮೇಲೆ ನನ್ನ ಮದ್ದಿಗೆ ಮಗನ ಎದುರು ಕೈಚಾಚಿದವಳಲ್ಲ ನಾನು. ಸೊಸೆ ಕೂಡ ಈಗ 'ಅತ್ತೆ, ಚಾ ಬೇಕಾ' ಅಂತ ಕೇಳ್ತಾಳೆ."

"ರೇಂಜ್ ಒಳ್ಳೆದುಂಟಾ ಅಲ್ಲಿ?" ಮಾವ ಸುಮ್ಮನೆ ಮಾತಿಗೆಂದು ಕೇಳಿದರು.

"ಎಲ್ಲಿಯ ರೇಂಜ್! ಟವರ್ ನನ್ನ ತಲೆ ಮೇಲೆಯೇ ಉಂಟು, ಫೋನ್ ಮಾಡ್ಬೇಕಾದ್ರೆ ನಾನು ರಸ್ತೆಗೆ ಹೋಗ್ಬೇಕು. ನನ್ನ ಸಿಮ್ಮು ಬೇರೆ ಕಂಪೆನಿದಂತೆ."

ಮಾವ ಜೋರಾಗಿ ನಕ್ಕರು. ನಕ್ಕು ಮುಗಿಸಿ, ಕಾಗದವನ್ನು ಸಾತ್ವಿಕಾಳ ಕಡೆ ತಳ್ಳಿದರು. "ಓದು ಮಗಾ. ಅಕ್ಕನಿಗೆ ಹದಿನಾಲ್ಕು ಓದು."

ಅವಳು ಓದಿದಳು. ಸೇಸಮ್ಮ ಮುಂದಕ್ಕೆ ಬಾಗಿದರು. ಓದಿ ಮುಗಿದ ಮೇಲೂ ಬಾಗಿಯೇ ಇದ್ದರು.

"ಅಂದ್ರೆ ಹೋಗ್ತಾರಾ?"

"ಹೋಗಬಹುದು," ಎಂದಳು ಸಾತ್ವಿಕಾ.

"ಹೋಗ್ತಾರೆ ಅಂತ ನಾವು ಹೇಳುವುದಿಲ್ಲ ಅಕ್ಕ," ಎಂದರು ಮಾವ ಬಹಳ ಸಮಾಧಾನದಲ್ಲಿ. "ಆದ್ರೆ ಈಗ ಎರಡು ಕಂಪೆನಿ ಸೇರಿ ಒಂದಾಗುವ ಕಾಲ. ಎರಡು ಮನೆ ಒಂದಾದ್ರೆ ಎರಡು ಒಲೆ ಯಾಕೆ? ಒಂದನ್ನು ತೆಗೀತಾರೆ. ಯಾವುದನ್ನು ತೆಗೀತಾರೆ ಅಂತ ನಿಮ್ಮನ್ನು ಕೇಳ್ತಾರಾ, ನನ್ನನ್ನು ಕೇಳ್ತಾರಾ?"

ಆ ಹೊತ್ತು ಸೇಸಮ್ಮನ ಮುಖದಲ್ಲಿ ಕಂಡದ್ದನ್ನು ಸಾತ್ವಿಕಾ ಡೈರಿಯಲ್ಲಿ ಎರಡು ಸಲ ಬರೆಯಲು ನೋಡಿ ಎರಡು ಸಲವೂ ಹೊಡೆದುಹಾಕಿದ್ದಳು. ಕೊನೆಗೆ ಉಳಿದದ್ದು ಇಷ್ಟೇ: "ಓದುವ ಮೊದಲು ಅವರಿಗೆ ಹೆದರಿಕೆ ಇರಲಿಲ್ಲ."

ಒಂದು ವಾರ ಬಿಟ್ಟು ಸೇಸಮ್ಮ ಪುನಃ ಬಂದು ಐದು ಲಕ್ಷಕ್ಕೆ ಒಪ್ಪಿದರು. ಇನ್ನೂ ಹನ್ನೆರಡು ವರ್ಷದ ಬಾಡಿಗೆ ಬಾಕಿಯಿತ್ತು. ಹೋಗುವಾಗ ಹಪ್ಪಳದ ಕಟ್ಟನ್ನು ಸಾತ್ವಿಕಾಳ ಕೈಗಿಟ್ಟರು. "ಮಾವನಿಗಲ್ಲ, ನಿನಗೆ. ಎಂಟು ವರ್ಷದಲ್ಲಿ ಒಬ್ಬರಾದ್ರೂ ಓದಿ ಹೇಳಿದ್ರಲ್ಲ. ನೀನು ಹೇಳದಿದ್ರೆ ಕಣ್ಣು ಮುಚ್ಚಿಕೊಂಡೇ ಇರ್ತಿದ್ದೆ ನಾನು."

ಅದೇ ಗುರುವಾರ ಆ ಟವರನ್ನು ಕೊಳ್ಳಲು ಬಂದದ್ದು ಸಾತ್ವಿಕಾಳ ತಾಯಿ.

ಕಾಂತಿ ತೋಡಾರಿನ ಮನೆಯಿಂದ ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದಿದ್ದರು, ತಮ್ಮನ ಆಫೀಸಿಗೆ ಮೊದಲ ಸಲ ಕಾಲಿಡುವುದೆಂದು. ತವರಿನ ಪಾಲು ಆದಾಗ ಬಂದ ಎಂಟು ಲಕ್ಷ ಅವರ ಹೆಸರಲ್ಲಿ ಸೊಸೈಟಿಯಲ್ಲಿತ್ತು. ದೋಹಾದ ಹೋಟೆಲೊಂದರ ಅಡುಗೆಮನೆಯಲ್ಲಿದ್ದ ಗಂಡ ಎಷ್ಟು ಸಲ ಊರಿಗೆ ಬಂದು ಹೋದರೂ ಆ ದುಡ್ಡನ್ನು ಮುಟ್ಟಿದವರಲ್ಲ. ಅದು ಅಮ್ಮನ ಮನೆಯಿಂದ ಹೆಣ್ಣಿಗೆ ಬಂದದ್ದು, ಮುಂದೆ ಸಾತ್ವಿಕಾಳಿಗೆ ಹೋಗುವಂಥದ್ದು. ಅದರ ಬಗ್ಗೆ ಸಲಹೆ ಕೊಡುವ ಹಕ್ಕು ಇದ್ದರೆ ಸೋದರಮಾವನಿಗೆ ಎಂಬುದು ಅವರ ಕುಟುಂಬದಲ್ಲಿ ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಾವ ಆ ಹಕ್ಕನ್ನು ಸಂಪೂರ್ಣ ಚಲಾಯಿಸಿದರು.

"ಸೊಸೈಟಿಯಲ್ಲಿ ಎಂತ ಬಡ್ಡಿ ಸಿಗ್ತದೆ ಅಕ್ಕ? ಇದಾದ್ರೆ ಎಂಟಕ್ಕೆ ತಿಂಗಳು ಹನ್ನೊಂದೂವರೆ. ಮತ್ತೆ ಏರ್ತದೆ. ಪುಂಜಾಲಕಟ್ಟೆ ಕಡೆ, ಒಳ್ಳೆ ಜಾಗ. ನಾನು ಹೊರಗಿನವರಿಗೆ ಕೊಡ್ಬಹುದು, ಆದ್ರೆ ಮನೆಯವರು ಇರುವಾಗ ಯಾಕೆ?"

"ನೀನು ಹೇಳಿದ್ರೆ ಆಯ್ತು ಶಂಭು. ಆದ್ರೂ ಒಮ್ಮೆ ಇವಳು ಓದ್ಲಿ." ಕಾಂತಿ ಮಗಳ ಕಡೆ ತಿರುಗಿ ಕೂತರು. ಮನೆಯಲ್ಲಿ ಬಾಯಿಬಿಡದ ಮಗಳು ಇಲ್ಲಿ ಕುರ್ಚಿಯಲ್ಲಿ ಕೂತು ಇಂಗ್ಲಿಷ್ ಕಾಗದ ಹಿಡಿದದ್ದು ಕಂಡು ಅವರ ಕಣ್ಣಲ್ಲಿ ನೀರೇ ಬಂದಿತ್ತು.

ಸಾತ್ವಿಕಾ ಮೂರು ಓದಿದಳು. ಗುರುವಾರವಲ್ಲವೇ?

ಮನೆಯಲ್ಲಿ ಹೇಳಬಹುದಿತ್ತು. ಆ ಸಂಜೆಯೇ ಹೇಳಲು ಹೊರಟಿದ್ದಳು ಕೂಡ. ಕಾಂತಿ ತೊಂಡೆಕಾಯಿ ಹೆಚ್ಚುತ್ತಿದ್ದರು.

"ಅಮ್ಮ, ಆ ಕಾಗದದಲ್ಲಿ ಇನ್ನೊಂದು..."

"ಎಂತ ಇನ್ನೊಂದು?"

ಕಾಂತಿ ಕೈ ನಿಲ್ಲಿಸಿ ಮುಖ ನೋಡಿದರು. ಅವರು ಮುಖ ನೋಡದೆ ಹೆಚ್ಚುತ್ತಲೇ ಇದ್ದಿದ್ದರೆ ಹೇಳಿಬಿಡುತ್ತಿದ್ದಳೇನೋ. ಯಾರಾದರೂ ಅವಳ ಮಾತಿಗೆಂದೇ ಕಾದು ಕೂತರೆ ಸಾತ್ವಿಕಾ ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಹೇಳಿಬಿಡುತ್ತಿದ್ದಳು. "ಏನಿಲ್ಲ, ಹಾಳೆಗಳು ತುಂಬ ಉಂಟು ಅಂತ," ಎಂದಳು.

"ದೊಡ್ಡ ಕಂಪೆನಿ ಅಲ್ವಾ," ಎಂದು ಕಾಂತಿ ಹೆಮ್ಮೆಯಿಂದ ತೊಂಡೆಕಾಯಿಗೆ ಮರಳಿದರು.

ಡೈರಿಗೆ ಹೇಳಲು ಮಾತ್ರ ಅವಳಿಗೆ ಏನೂ ಅಡ್ಡಿಯಿರಲಿಲ್ಲ. "ಟವರ್ ಹೋದರೆ ಅಮ್ಮನ ಎಂಟು ಲಕ್ಷ ಹೋಗುತ್ತದೆ. ಟವರ್ ಉಳಿದರೆ ಸೇಸಕ್ಕನ ಹನ್ನೆರಡು ವರ್ಷ ಹೋಗುತ್ತದೆ. ಹೋದರೂ ಉಳಿದರೂ ಮಾವನಿಗೆ ಮೂರು ಲಕ್ಷ. ಇಷ್ಟು ಸುಲಭದ ಲೆಕ್ಕ ಬಿ.ಕಾಂ.ನಲ್ಲಿ ಯಾವತ್ತೂ ಬಂದಿರಲಿಲ್ಲ." ಬರೆದು, ಅಕ್ಷರ ಚೆಂದ ಬಂದಿದೆಯೇ ಎಂದು ನೋಡಿಕೊಂಡು, ಮುಚ್ಚಿಟ್ಟಳು. ಬರೆದಾದ ಮೇಲೆ ಹೇಳಿದಷ್ಟೇ ಹಗುರವಾಗುತ್ತಿತ್ತು. ಅದೇ ತೊಂದರೆ.

ಸೋಮವಾರ ಗುರುವಾರಗಳ ಈ ವ್ಯವಸ್ಥೆ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ. ಅದನ್ನು ಕೆಡಿಸಿದ್ದು ಆಟಿ.

ಜುಲೈ ನಡುವಿನಲ್ಲಿ ಆಟಿ ತಿಂಗಳು ಹಿಡಿಯಿತೆಂದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಜಾಗದ ಕಾಗದಕ್ಕೆ ಸಹಿಯೂ ಇಲ್ಲ. ಹದಿನೆಂಟು ವರ್ಷ ಮಸ್ಕತ್ತಿನ ಬಿಸಿಲು ತಿಂದ ಶಂಭು ಮಾವ ಟವರಿನ ವಿಷಯದಲ್ಲಿ ಎಷ್ಟೇ ಹೊಸ ಕಾಲದವರಾಗಿದ್ದರೂ ಆಟಿಯ ವಿಷಯದಲ್ಲಿ ಅಜ್ಜಿಯ ಮೊಮ್ಮಗನೇ. ಆಟಿ ದಾಟುವವರೆಗೆ ಕಾಯುವ ಹಾಗೂ ಇರಲಿಲ್ಲ. ಸೇಸಮ್ಮನ ಮಗನಿಗೆ ಪುರುಸೊತ್ತು ಸಿಕ್ಕಿ ಕಾಗದ ಕೇಳಿದರೆ? ಮಾವ ಜೋಯಿಸರಲ್ಲಿಗೆ ಓಡಿದರು. ಆಟಿಗೆ ಮೊದಲು ಉಳಿದ ದಿನಗಳಲ್ಲಿ ಒಳ್ಳೆಯದು ಅಂತ ಇರುವುದು ಬುಧವಾರ ಒಂದೇ, ಅದರಲ್ಲಿಯೂ ಬೆಳಿಗ್ಗೆ ಹನ್ನೊಂದು ಐದರಿಂದ ನಲುವತ್ತರ ಒಳಗೆ ಎಂದರು ಜೋಯಿಸರು.

"ಮುಹೂರ್ತ ಒಂದೇ, ರೂಮು ಎರಡು," ಎಂದು ಮಾವ ಯೋಜನೆ ಹಾಕಿದರು. "ಸೇಸಕ್ಕ ಮೇಲೆ. ನಿನ್ನ ಅಮ್ಮ ಕೆಳಗೆ ಫ್ಯಾಮಿಲಿ ರೂಮಿನಲ್ಲಿ. ನೀನು ಫೈಲು ಹಿಡ್ಕೊಂಡು ಮೊದಲು ಮೇಲೆ ಸೈನ್ ತೆಗಿ, ಕೂಡಲೇ ಕೆಳಗೆ ಬಾ. ಬದ್ರುದ್ದೀನ್ ವಕೀಲರು ಬಂದು ನೋಟರಿ ಸೀಲ್ ಹಾಕ್ತಾರೆ. ಊಟ ಇಬ್ಬರಿಗೂ ನಮ್ಮ ಲೆಕ್ಕದಲ್ಲಿ. ಆಯ್ತಲ್ಲ?"

"ಹಾಂ," ಎಂದಳು ಸಾತ್ವಿಕಾ. ಆಫೀಸಿನಲ್ಲಿ ಓದುವುದು ಬಿಟ್ಟರೆ ಅವಳು ಆಡುತ್ತಿದ್ದ ಮಾತು ಹೆಚ್ಚಾಗಿ ಇದೊಂದೇ.

ಬುಧವಾರ ಹತ್ತೂವರೆಗೇ ಸೇಸಮ್ಮ ಬಂದು ಮೇಲೆ ಕೂತರು. ಕಾಂತಿ ಹತ್ತು ಮುಕ್ಕಾಲಿಗೆ ಕೆಳಗೆ ಬಂದರು. ಬದ್ರುದ್ದೀನ್ ವಕೀಲರು ಮಾತ್ರ ಬಂಟ್ವಾಳದಿಂದ ಹೊರಟವರು ರಸ್ತೆ ಅಗಲ ಮಾಡುವ ಕೆಲಸದಲ್ಲಿ ಸಿಕ್ಕಿಹಾಕಿಕೊಂಡರು. ಮಾವ ಮೂರನೆಯ ಮೆಟ್ಟಿಲ ಮೇಲೆ ನಿಂತು ಫೋನಿಗೆ ಕಿರುಚತೊಡಗಿದರು. "ಎಲ್ಲಿದ್ದೀರಿ ಸಾರ್? ಇನ್ನೂ ಅಲ್ಲಿಯೇ? ಜೆಸಿಬಿಯವನಿಗೆ ಸ್ವಲ್ಪ ಹೇಳಿ ಮಾರಾಯ್ರೆ, ನಮ್ಮದು ಮುಹೂರ್ತ ಉಂಟು!"

ಅಷ್ಟರಲ್ಲಿ ಯಾರದ್ದೋ ಹುಟ್ಟುಹಬ್ಬವೆಂದು ಕಾಲೇಜಿನ ಹನ್ನೆರಡು ಹುಡುಗಿಯರು ಕೇಕು ಹಿಡಿದುಕೊಂಡು ಫ್ಯಾಮಿಲಿ ರೂಮಿಗೆ ನುಗ್ಗಿದರು. ಕಾಂತಿ ಎದ್ದರು. ಹೋಟೆಲು ತಮ್ಮನದ್ದು, ಆಫೀಸಿನಲ್ಲಿ ಇರುವುದು ಮಗಳು. ಯಾರನ್ನು ಕೇಳಬೇಕು? ಫೋನಿನಲ್ಲಿ ಮುಳುಗಿದ್ದ ತಮ್ಮನ ಪಕ್ಕದಿಂದಲೇ ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಹೋದರು. ಶಂಭು ಮಾವ ಆಗ ಗೋಡೆಯ ಕಡೆ ಮುಖ ಮಾಡಿದ್ದರು. ರೇಂಜ್ ಇದ್ದದ್ದು ಆ ದಿಕ್ಕಿಗೆ.

ಒಳಬಂದ ತಾಯಿಯನ್ನು ಕಂಡು ಸಾತ್ವಿಕಾ ಎದ್ದು ನಿಂತಳು. ಪುನಃ ಕೂತಳು. ಕಾಂತಿ ಸೇಸಮ್ಮನ ಎದುರಿನ ಕುರ್ಚಿಯಲ್ಲಿ ಕೂತು ನಕ್ಕರು. ಸೇಸಮ್ಮನೂ ನಕ್ಕರು. ಅದೇ ಹೊತ್ತಿಗೆ ಅಡುಗೆಯ ಜತ್ತಪ್ಪ ಒಂದು ಬಟ್ಟಲು ತುಂಬ ಕರಿದ ಹಪ್ಪಳ ತಂದು ಮೇಜಿನ ನಡುವೆ ಇಟ್ಟ.

"ಇದು... ಎಲ್ಲಿಂದ?" ಎಂದಳು ಸಾತ್ವಿಕಾ.

"ಕಪಾಟಿನಲ್ಲಿ ಇತ್ತಂತೆ, ಹಾಳಾಗ್ತದೆ, ಬಂದವರಿಗೆ ಕೊಡು ಅಂತ ಸಾವ್ಕಾರ್ರು ಬೆಳಿಗ್ಗೆಯೇ ಕೊಟ್ಟಿದ್ದಾರೆ," ಎಂದು ಜತ್ತಪ್ಪ ಇಳಿದುಹೋದ.

ಮೂರು ವಾರ ಅವಳು ಯೋಚಿಸಿ ಯೋಚಿಸಿ ಬಗೆಹರಿಸದ ಪ್ರಶ್ನೆಯನ್ನು ಜತ್ತಪ್ಪ ಐದು ನಿಮಿಷದಲ್ಲಿ ಕಾದ ಎಣ್ಣೆಗೆ ಬಿಟ್ಟಿದ್ದ.

ಕಾಂತಿ ಒಂದನ್ನು ಮುರಿದು ಬಾಯಿಗಿಟ್ಟರು. "ಅಬ್ಬಾ, ಒಳ್ಳೆದುಂಟು. ಅಂಗಡಿದಲ್ಲ ಇದು."

"ನಾನೇ ಮಾಡಿದ್ದು," ಎಂದರು ಸೇಸಮ್ಮ ಸಂಕೋಚದಿಂದ. "ಈ ಮಗುವಿಗೆ ಅಂತ ಕೊಟ್ಟದ್ದು. ನನ್ನ ಟವರಿನ ಕಾಗದ ಓದಿ ಹೇಳಿದ್ದಕ್ಕೆ."

"ಹೌದಾ! ಇವಳು ನನ್ನ ಮಗಳೇ."

"ಅಯ್ಯೋ ದೇವರೇ, ನಿಮ್ಮ ಮಗಳಾ? ಚಿನ್ನದಂಥವಳು. ಸ್ವರವೇ ಇಲ್ಲ."

"ಸಣ್ಣದರಲ್ಲೇ ಹಾಗೆ. ನೀವು ಟವರ್ ತಕೊಳ್ಳುವವರಾ?"

"ನಾನೆಲ್ಲಿ ತಕೊಳ್ಳುವುದು! ಕೊಡುವವಳು. ಇರುವುದೊಂದನ್ನು ಕೊಡ್ತಾ ಇದ್ದೇನೆ." ಸೇಸಮ್ಮ ಹಪ್ಪಳದ ತುಂಡನ್ನು ಕೈಯಲ್ಲೇ ತಿರುಗಿಸುತ್ತ ಹೇಳಿದರು. "ಎಂತ ಮಾಡುವುದು? ಕಂಪೆನಿಯವರು ಮೂರು ತಿಂಗಳಲ್ಲಿ ಕಿತ್ತುಕೊಂಡು ಹೋಗ್ಬಹುದು ಅಂತ ಬರೆದುಂಟಲ್ಲ. ಆಮೇಲೆ ನನ್ನ ಹಟ್ಟಿಯಲ್ಲಿ ಉಳಿಯುವುದು ಸಿಮೆಂಟಿನ ಕಟ್ಟೆ ಮಾತ್ರ. ಇದನ್ನು ತಕೊಳ್ಳುವವರು ಯಾರೋ, ಅವರನ್ನು ನೆನೆಸಿದ್ರೆ ನನಗೆ ಪಾಪ ಅನಿಸ್ತದೆ."

"ಹಾಗೆಲ್ಲ ಹೆದರ್ಬೇಡಿ," ಎಂದು ಕಾಂತಿ ಅವರ ಕೈ ಮುಟ್ಟಿದರು. "ಯಾರೋ ನಿಮಗೆ ತಪ್ಪು ಹೇಳಿದ್ದು. ಅವರು ಹೋಗ್ಲಿಕ್ಕಿಲ್ಲ. ಇಪ್ಪತ್ತು ವರ್ಷ ಕರಾರು. ನಾನು ತಕೊಳ್ಳುವುದು ಕೂಡ ಪುಂಜಾಲಕಟ್ಟೆ ಕಡೆಯದ್ದೇ. ಇಪ್ಪತ್ತು ವರ್ಷ ಅಂತ ಬರೆದುಂಟು."

"ನಿಮಗೆ ಯಾರು ಹೇಳಿದ್ದು?"

"ಇವಳೇ ಓದಿದ್ದು."

"ನನಗೂ ಇವಳೇ ಓದಿದ್ದು."

ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೊರಟಿದ್ದ ಇಬ್ಬರ ಕೈಗಳೂ ಹಿಡಿದಲ್ಲೇ ಇದ್ದವು. ಕೆಳಗಿನಿಂದ ಹುಟ್ಟುಹಬ್ಬದ ಚಪ್ಪಾಳೆ ಕೇಳಿಬಂತು. ಮೇಜಿನ ಮೇಲೆ ಒಂದೇ ಫೈಲು, ಅದರ ಮೇಲೆ ಸಾತ್ವಿಕಾಳ ಎರಡೂ ಅಂಗೈ. ಅದನ್ನು ಮುಚ್ಚಿ ಹಿಡಿದಿದ್ದಳೋ ಆಧಾರಕ್ಕೆ ಹಿಡಿದಿದ್ದಳೋ, ಅವಳಿಗೇ ತಿಳಿಯದು.

"ಎಂತ ಸ್ಪೆಷಲ್ ಮೀಟಿಂಗ್ ಇದು?" ಬಾಗಿಲಲ್ಲಿ ಮಾವ. ಒಂದೇ ನೋಟಕ್ಕೆ ಅವರಿಗೆ ಎಲ್ಲ ಅರ್ಥವಾಗಿತ್ತು. ಆದರೆ ಮಸ್ಕತ್ತಿನಲ್ಲಿ ಹದಿನೆಂಟು ವರ್ಷ ಗಿರಾಕಿಗಳನ್ನು ನೋಡಿದವರು. ಮುಖದ ನಗು ಒಂದು ನೂಲಿನಷ್ಟೂ ಅಲುಗಲಿಲ್ಲ. "ವಕೀಲರು ಹತ್ತು ನಿಮಿಷದಲ್ಲಿ ಬರ್ತಾರೆ. ಅಕ್ಕ, ನೀನು ಕೆಳಗೆ ಬಾ, ಅಂಜಲ್ ಮೀನು ಫ್ರೈ ಮಾಡಿಸಿದ್ದೇನೆ."

"ಶಂಭು," ಎಂದರು ಕಾಂತಿ. "ಇವರ ಟವರ್ ಹೋಗ್ತದಂತೆ. ನನ್ನದು ಇರ್ತದಂತೆ. ಎರಡೂ ಪುಂಜಾಲಕಟ್ಟೆಯದ್ದು. ಎಂತ ಮಾರಾಯ ಇದು?"

"ಅಷ್ಟೇನಾ!" ಮಾವ ನಕ್ಕು ಕುರ್ಚಿ ಎಳೆದು ಕೂತರು. "ಪುಂಜಾಲಕಟ್ಟೆಯಲ್ಲಿ ಟವರ್ ಒಂದೇನಾ ಅಕ್ಕ? ಕಂಪೆನಿ ಬೇರೆ, ಕಾಗದ ಬೇರೆ. ಇವರದ್ದು ಹಳೇ ಮಾಡೆಲ್, ಅದಕ್ಕೆ ಭಯ. ನಿನ್ನದು ಗಟ್ಟಿ. ನಿನಗೆ ನಾನು ಹೋಗುವ ಟವರ್ ಕೊಡ್ತೇನಾ?" ಹಪ್ಪಳ ಒಂದನ್ನು ಕಟುಕ್ಕೆಂದು ಮುರಿದು, ಸಾತ್ವಿಕಾಳ ಕಡೆ ತಿರುಗಿದರು. "ಎರಡೂ ಬೇರೆ ಬೇರೆ. ಅಲ್ವಾ ಸಾತ್ವಿ?"

ಹನ್ನೊಂದು ತಿಂಗಳಲ್ಲಿ ಈ ಮೇಜಿನ ಮೇಲೆ ಬಿದ್ದ ಮೊದಲ ಸುಳ್ಳು ಅದು. ಅಷ್ಟು ದಿನ ಮಾವ ಸುಳ್ಳನ್ನು ದೂರವಿಟ್ಟದ್ದು ಯಾಕೆ ಎಂದು ಸಾತ್ವಿಕಾಳಿಗೆ ಆಗ ಹೊಳೆಯಿತು. ಅದರ ಅಗತ್ಯವೇ ಬಿದ್ದಿರಲಿಲ್ಲ. ಅರ್ಧರ್ಧ ನಿಜದಲ್ಲೇ ಎಲ್ಲ ಸುಸೂತ್ರ ನಡೆದಿತ್ತು, ಅವಳ ಸಣ್ಣ ಸ್ವರದಲ್ಲಿ.

ಮೂವರೂ ಅವಳ ಕಡೆ ನೋಡುತ್ತಿದ್ದರು. ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ, ಒಂದು 'ಹಾಂ'. ಅದು ಅವಳಿಗೆ ಬಾಯಿಪಾಠ. ಡೈರಿ ಕಪಾಟಿನಲ್ಲಿತ್ತು, ಸಂಜೆ ಬರೆದುಕೊಂಡರೆ ಆಗುತ್ತಿತ್ತು, ತಾರೀಕೂ ವಾರವೂ ಕೂಡದ ಒಂದು ಪುಟದಲ್ಲಿ. ಸೇಸಮ್ಮ ಎಂದಿನಂತೆ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು. ಅವರ ಸೆರಗಿನ ತುದಿ ಫೈಲಿನ ಮೇಲೆ ಬಿತ್ತು. ಗಂಟುಹಾಕಿದ ಆ ತುದಿಯಲ್ಲಿ ಬಸ್ಸಿನ ಟಿಕೇಟು ಕಾಣುತ್ತಿತ್ತು.

ಬಾಗುವುದು ಬೇಡ ಅನಿಸಿತು ಸಾತ್ವಿಕಾಳಿಗೆ. ಇವರು ಇನ್ನು ನನ್ನ ಮಾತಿಗೆ ಬಾಗುವುದು ಬೇಡ.

"ಅಲ್ಲ ಮಾವ," ಎಂದಳು. ಎರಡನೆಯ ಬೆಂಚು ದಾಟಿ, ಬಾಗಿಲು ದಾಟಿ, ಮೂರನೆಯ ಮೆಟ್ಟಿಲವರೆಗೂ ಕೇಳಿಸುವ ಹಾಗೆ ಬಂತು ಸ್ವರ. ಅವಳೇ ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ಟವರೂ ಒಂದೇ, ಕಾಗದವೂ ಒಂದೇ. ಅರ್ಧ ಸೇಸಕ್ಕನಿಗೆ ಓದಿದೆ. ಅರ್ಧ ನಿನಗೆ ಓದಿದೆ, ಅಮ್ಮ."